ಹುಚ್ಚೆಳ್ಳಿಗೆ ಮನೆ ಮುಂದೆ ಜಾಗ ಇಲ್ವಾ?

ಮೈಸೂರಿನಲ್ಲಿ ದಸರಾ ಶುರುವಾಗುವ ಹೊತ್ತಿಗೆ ಇಲ್ಲಿ, ನಾರ್ತ್ ಕೆರೊಲಿನಾದ ರಾಲಿಯಲ್ಲಿ, ನಮ್ಮ ಹಿತ್ತಲಿನ ಒಂದು ಮೂಲೆ ಪೂರ್ತಿ ಹಳದಿಯಾಗುತ್ತದೆ. ಸ್ವಾಂಪ್ ಸನ್‌ಫ್ಲವರ್ ಅಂತ ಇದರ ಹೆಸರು. ಜೌಗಿನ ಸೂರ್ಯಕಾಂತಿ ಅನ್ನಿ. ನಮ್ಮ ಸೂರ್ಯಕಾಂತಿಯ ಹಾಗೆ ತಟ್ಟೆಯಗಲ ಇಲ್ಲ. ಎರಡು ಮೂರು ಇಂಚಿನ ಹೂ, ನಡುವೆ ಕಂದು ಬೊಟ್ಟು, ಎಲೆ ಉದ್ದಕ್ಕೆ ತೆಳ್ಳಗೆ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಾಗಮಂಗಲದ ನಮ್ಮ ರಾಗಿ ಹೊಲದ ಹುಚ್ಚೆಳ್ಳು ಸಾಲು.

ಇಲ್ಲಿಯ ಮಣ್ಣೂ ಕೆಂಪು, ಆದ್ರೆ ಜೇಡಿ. ಮಳೆ ಬಂದರೆ ಚಾವಣಿಯ ನೀರೆಲ್ಲ ಆ ಮೂಲೆಗೇ ಹೋಗಿ ನಿಲ್ಲುತ್ತಿತ್ತು. ಅಲ್ಲಿ ನೆಟ್ಟ ಗುಲಾಬಿ ಎರಡು ಸಲ ಬೇರು ಕೊಳೆತು ಸತ್ತಿತು. ಪಕ್ಕದ ಮನೆಯ ಅಜ್ಜಿ ತಮ್ಮ ತೋಟದಿಂದ ಒಂದು ಬುಡ ಕಿತ್ತು ಕೊಟ್ಟು, "ಇದು ಈ ನೆಲದ್ದೇ, ಬದುಕುತ್ತೆ" ಅಂದರು. ಬದುಕಿತು. ಆರು ಗಂಟೆ ಬಿಸಿಲು, ಬುಡದಲ್ಲಿ ತೇವ, ಇಷ್ಟಿದ್ದರೆ ಸಾಕು. ಜೂನ್‌ನಲ್ಲಿ ಕುಡಿ ಚಿವುಟಬೇಕು ಅಷ್ಟೆ. ಮೊದಲ ವರ್ಷ ನಾನು ಚಿವುಟಲಿಲ್ಲ. ಏಳಡಿ ಬೆಳೆದು, ಹೂವಿನ ಭಾರಕ್ಕೆ ಬೇಲಿ ಮೇಲೆ ಮಲಗಿಬಿಟ್ಟಿತು. ಕಳೆ ತೆಗೆಸಿ ಅಂತ ಬಡಾವಣೆ ಸಂಘದಿಂದ ಕಾಗದವೂ ಬಂತು! ಅದಕ್ಕೇ ಅಮೆರಿಕದವರೆಲ್ಲ ಜಾಣರು ಅಂತ ನಾನು ಹೇಳುವುದಿಲ್ಲ. ಆದ್ರೂ ಇಲ್ಲಿಯ ನರ್ಸರಿಯಲ್ಲಿ ಈ ನೆಲದ ಗಿಡಗಳಿಗೇ ಅಂತ ಒಂದು ಸಾಲು ಇರುತ್ತದೆ. ಹಳ್ಳದ ಬದಿಯಲ್ಲಿ ಸುಮ್ನೆ ಬೆಳೆಯುವ ಗಿಡವನ್ನು ಜನ ದುಡ್ಡು ಕೊಟ್ಟು ಒಯ್ಯುತ್ತಾರೆ. ನನಗೆ ಹಿಡಿಸಿದ್ದು ಅದು.

ಹೋದ ದಸರಾಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿದೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಪೆಟೂನಿಯ, ಸಾಲ್ವಿಯ, ಜೀನಿಯ. ಅಮೆರಿಕ ಖಂಡದ ಹೂಗಳನ್ನು ನೋಡಲು ಅಮೆರಿಕದಿಂದ ಮೈಸೂರಿಗೆ ಹೋದಂತಾಯ್ತು. ಆಯುಧಪೂಜೆಗೆ ಬಸ್ಸಿಗೂ ಸೈಕಲ್ಲಿಗೂ ಕಟ್ಟುವ ಚೆಂಡು ಹೂವಿನ ತವರೂ ಮೆಕ್ಸಿಕೋ.

ಕುವೆಂಪುನಗರದಲ್ಲಿ ತಮ್ಮನ ಮನೆ ಮುಂದೆ ಹುಲ್ಲುಹಾಸು ಇದೆ. ಬೇಸಿಗೆಯಲ್ಲಿ ಅದಕ್ಕೆ ದಿನಾ ನೀರು. ನಲ್ಲಿ ಸೋರುವ ಕಡೆ ಮಾತ್ರ ಹುಲ್ಲು ಕೊಳೆತು ಬೋಳಾಗಿದೆ. "ಅಣ್ಣ, ಮುಂದಿನ ಸಲ ನಿನ್ನ ಆ ಹೂವಿನ ಬೀಜ ತಂದುಬಿಡು, ಇಲ್ಲಿಗೆ ಸರಿಹೋಗುತ್ತೆ" ಅಂದ. ನಾನು ಒಪ್ಪಲಿಲ್ಲ. ಅದರ ಊರಲ್ಲೇ ಅದು ಬೇರು ಹರಡಿಕೊಂಡು ಹೋಗುತ್ತೆ, ಎರಡು ಮೂರು ವರ್ಷಕ್ಕೊಮ್ಮೆ ಅಗೆದು ತೆಗೆಯಬೇಕು. ಮಂಡ್ಯದ ನಾಲೆ ಬದಿ ಹಿಡಿದರೆ ಯಾರು ಅಗೆಯುತ್ತಾರೆ? ಲಂಟಾನ ಬಂದದ್ದೂ ತೋಟದ ಅಂದಕ್ಕೇ ಅಲ್ವಾ. ಈಗ ಬಂಡೀಪುರದ ಕಾಡಿಗೆ ಹೋಗಿ ನೋಡಿ, ಎಲ್ಲಿ ನೋಡಿದರೂ ಅದೇ ಕಳೆ.

"ಹುಚ್ಚೆಳ್ಳು ಚೆಲ್ಲು" ಅಂದೆ. ತಮ್ಮನ ಹೆಂಡತಿ ನಕ್ಕಳು. "ಅದು ಹೊಲದ್ದು ಭಾವ, ಮನೆ ಮುಂದೆ ಯಾರಾದ್ರೂ ಹಾಕ್ತಾರಾ? ಚಟ್ನಿಪುಡಿಗಾದ್ರೆ ಸರಿ."

ಹುಚ್ಚೆಳ್ಳೂ ಇಥಿಯೋಪಿಯಾ ಕಡೆಯಿಂದ ಬಂದದ್ದು, ಗೊತ್ತು. ರಾಗಿಯೂ ಆಫ್ರಿಕಾದ್ದೇ. ಆದ್ರೆ ಅವೆರಡೂ ಅಕ್ಕಡಿ ಸಾಲಿನಲ್ಲಿ, ಅಂದ್ರೆ ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಸಾಲಿನಲ್ಲಿ, ಜೊತೆಯಾಗಿ ನಿಂತು ಎಷ್ಟು ತಲೆಮಾರಾಯ್ತೋ. ದೀಪಾವಳಿಗೆ ನಮ್ಮಜ್ಜಿ ಸಗಣಿ ಉಂಡೆಯ ತಲೆಗೆ ಸಿಕ್ಕಿಸುತ್ತಿದ್ದದ್ದು ಅದೇ ಹೂ. ಅದನ್ನು ಯಾರೂ ಕಾಡಿಗೆ ಓಡಿಹೋದ ಕಳೆ ಅನ್ನುವುದಿಲ್ಲ.

ಹೋದ ವಾರ ತಮ್ಮ ಒಂದು ಫೋಟೋ ಕಳಿಸಿದ. ನಲ್ಲಿಯಿಂದ ಸ್ವಲ್ಪ ಈಚೆಗೆ, ಬೋಳಾಗಿದ್ದ ಕಡೆ, ಮೊಣಕಾಲೆತ್ತರದ ಹನ್ನೊಂದು ಹುಚ್ಚೆಳ್ಳು ಗಿಡ. ಹೂ ಇನ್ನೂ ಬಂದಿಲ್ಲ. ಹಿಂದೆ ಹುಲ್ಲುಹಾಸು ಹಾಗೇ ಇದೆ, ಪೈಪೂ ಅಲ್ಲೇ ಬಿದ್ದಿದೆ.