ತುಂಬಿದ ಕೆರೆ ನೆರೆ ತಡೆಯಲ್ಲ

ಮೇ ತಿಂಗಳಲ್ಲೂ ಬೆಂಗಳೂರಿನ ಎಷ್ಟೋ ಕೆರೆಗಳು ಅಂಚಿನವರೆಗೆ ತುಂಬಿರುತ್ತವೆ. ಜನ ಫೋಟೋ ಹಾಕಿ ಖುಷಿಪಡುತ್ತಾರೆ. ನನಗೆ ಭಯವಾಗುತ್ತದೆ. ಆ ನೀರಿನಲ್ಲಿ ಬಹುಪಾಲು ಮಳೆಯದ್ದಲ್ಲ, ವರ್ಷವಿಡೀ ಬರುವ ಚರಂಡಿ ನೀರು, ಇಲ್ಲವೇ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಿಸುವ ಘಟಕದಿಂದ) ಬಿಡುವ ನೀರು. ಹಿಂದೆ ಕೆರೆ ಕೆಳಗಿನ ಗದ್ದೆ, ತೋಟಕ್ಕೆ ನೀರು ಹೋಗಿ ಬೇಸಿಗೆಗೆ ತಾನಾಗಿಯೇ ಜಾಗವಾಗುತ್ತಿತ್ತು. ಈಗ ಗದ್ದೆಯೇ ಇಲ್ಲ. ಮಳೆ ಬಂದರೆ ಹಿಡಿಯೋದು ಎಲ್ಲಿ?

ಸುಮ್ನೆ ಒಂದು ಲೆಕ್ಕ ಹಾಕಿ. 50 ಎಕರೆ ಕೆರೆಯಲ್ಲಿ ಮುಂಗಾರಿಗೆ ಮೊದಲೇ ಒಂದು ಮೀಟರ್ ನೀರು ಇಳಿಸಿಟ್ಟರೆ ಸುಮಾರು 20 ಕೋಟಿ ಲೀಟರಿಗೆ ಜಾಗವಾಗುತ್ತದೆ. 500 ಎಕರೆ ಮೇಲೆ 100 ಮಿ.ಮೀ. ಮಳೆ ಸುರಿದು, ಒಂದು ಹನಿಯೂ ಇಂಗದೆ ಹರಿದು ಬಂದರೂ ಅಷ್ಟನ್ನೂ ಆ ಒಂದೇ ಕೆರೆ ಹಿಡಿಯುತ್ತದೆ! 2022ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನಕ್ಕೆ 131.6 ಮಿ.ಮೀ. ಬಿದ್ದು ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಓಡಾಡಿದಾಗ ಎಲ್ಲರೂ ರಾಜಕಾಲುವೆ ಒತ್ತುವರಿ ಬಗ್ಗೆ ಮಾತಾಡಿದರು, ಮಾತಾಡಲೇಬೇಕು. ಆದರೆ ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು ಅಂತ ಸಾಲಾಗಿರುವ ಕೆರೆಗಳು ಮೊದಲೇ ತುಂಬಿದ್ದರೆ ಮೇಲಿನ ನೀರೆಲ್ಲ ನಿಲ್ಲದೆ ಕೆಳಗೇ ಬರುತ್ತೆ ಅಲ್ವಾ? ಅದರ ಬಗ್ಗೆ ಜಾಸ್ತಿ ಮಾತೇ ಬರಲಿಲ್ಲ.

ಏರಿ, ಅಂದರೆ ಕೆರೆಯ ಕಟ್ಟೆ, ಮಣ್ಣಿನದ್ದು. ಒಳಮೈಗೆ ಕಲ್ಲು ಹೊದಿಸಿರುತ್ತಾರೆ, ಹೊರಮೈ ಬರೀ ಮಣ್ಣು. ನೀರು ಏರಿಯ ತಲೆ ದಾಟಿ ಆಚೆ ಇಳಿಯಿತು ಅಂದರೆ ಹೊರಮೈಯನ್ನು ಕೊರೆದು ಕೊರೆದು ಕೆಲವೇ ಗಂಟೆಗಳಲ್ಲಿ ಏರಿಯನ್ನೇ ಒಡೆದು ಹಾಕಬಹುದು. ಅದಕ್ಕೇ ಹಿಂದಿನವರು ಏರಿಗಿಂತ ತಗ್ಗಿನಲ್ಲಿ, ಗಟ್ಟಿ ನೆಲ ನೋಡಿ, ಹೆಚ್ಚಾದ ನೀರು ಹೊರಹೋಗೋಕೆ ಕೋಡಿ ಕಟ್ಟಿದರು. ಕೆರೆಯ ನೀರನ್ನು ಬೇಕಾದಾಗ ಹೊರಬಿಡುವ ತೂಬು ನೋಡಿಕೊಳ್ಳೋಕೆ ನೀರಗಂಟಿ ಅಂತ ಒಬ್ಬ ಆಳು ಇದ್ದ. ಈಗ ವಾಕಿಂಗ್ ಟ್ರ್ಯಾಕ್ ಇದೆ, ಬೆಂಚಿದೆ. ತೂಬು ಎಲ್ಲಿದೆ ಅಂತ ಕೇಳಿದರೆ ತೋರಿಸುವವರಿಲ್ಲ. ಇನ್ನೂ ನೀರು ನಿಲ್ಲಲಿ ಅಂತ ಕೋಡಿಯನ್ನೇ ಎತ್ತರಿಸಿ ಅನ್ನುವವರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಕೋಡಿಗೂ ಏರಿಯ ತಲೆಗೂ ನಡುವಿನ ಆ ನಾಲ್ಕಾರು ಅಡಿಯೇ ಕೆಳಗಿನ ಮನೆಗಳಿಗೆ ಕಾವಲು. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿದ್ದನ್ನು ಇಷ್ಟು ಬೇಗ ಮರೆತುಬಿಟ್ಟೆವಾ?

ಮೀನು, ಪಕ್ಷಿಗಳ ಗತಿ ಏನು ಅಂತ ಕೇಳಬಹುದು. ಕೆರೆ ಬತ್ತಿಸಿ ಅಂತ ನಾನು ಹೇಳುತ್ತಿಲ್ಲ. ಒಂದು ಮೀಟರ್ ಇಳಿಸಿ. ದಡದಲ್ಲಿ ನೀರು ತೆಳುವಾದರೆ ಕೊಕ್ಕರೆಗಳಿಗೆ ಅನುಕೂಲವೇ. ಪ್ರತಿ ಕೆರೆಗೂ ಗೇಟಿರುವ ತೂಬು ಬೇಕು, ಅದನ್ನು ಎತ್ತುವ, ಇಳಿಸುವ ಜವಾಬ್ದಾರಿ ಇರುವ ಒಬ್ಬ ಮನುಷ್ಯ ಬೇಕು, ಅವನಿಗೆ ತಿಂಗಳ ಸಂಬಳ ಬೇಕು. ನಿಮ್ಮ ವಾರ್ಡ್ ಸಭೆಯಲ್ಲಿ ಮುಂದಿನ ಸಲ ಕೆರೆಗೆ ಕಾರಂಜಿ ಕೇಳುವ ಬದಲು ಇದನ್ನು ಕೇಳಿ.