ಹಳದಿ ಬೆಲ್ಟ್‌ಗೆ ಹಂಚು ಒಡೆಯಬೇಕಾಗಿಲ್ಲ: ಒಂದು ಸ್ಪಷ್ಟನೆ

‘ಕರಾಟೆಯಲ್ಲಿ ಮೊದಲ ಬೆಲ್ಟ್ ಬೇಕಾದರೆ ಮಗು ಹಂಚು ಒಡೆಯಬೇಕು, ಒಂದು ಫೈಟ್ ಗೆಲ್ಲಬೇಕು’ ಅನ್ನುವ ಮೆಸೇಜ್ ಪೋಷಕರ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ನಮ್ಮ ಮಕ್ಕಳು ಕಲಿಯುವುದು ಶೊಟೊಕಾನ್ ಅನ್ನುವ ಕರಾಟೆ ಶೈಲಿ. ಮೊದಲ ಬೆಲ್ಟ್, ಅಂದರೆ ನಮ್ಮಲ್ಲಿ ಹಳದಿ ಬೆಲ್ಟ್, ಪರೀಕ್ಷೆಯ ಪಠ್ಯವನ್ನು ಮಾಸ್ಟರ್ ಬಳಿ ಕೇಳಿ ಪಡೆದು ಓದಿದೆ. ಅದರಲ್ಲಿ ಇರುವುದು ಮೂರೇ: ಕಿಹೊನ್, ಕಾತಾ, ಕುಮಿತೆ.

ಕಿಹೊನ್ ಅಂದರೆ ಮೂಲ ಪಾಠ. ನಿಲುವು, ಗುದ್ದು, ತಡೆ, ಮುಂದಕ್ಕೆ ಒದೆ. ಇಲ್ಲಿ ಪರೀಕ್ಷಕರು ನೋಡುವುದು ಬಲವನ್ನಲ್ಲ. ಬಲಗೈ ಗುದ್ದಲು ಮುಂದೆ ಹೋದಾಗ ಎಡಗೈ ಮುಷ್ಟಿ ಅಂಗೈ ಮೇಲಾಗಿ ಸೊಂಟಕ್ಕೆ ಬರಬೇಕು. ಮಕ್ಕಳು ಜಾಸ್ತಿ ಮರೆಯುವುದು ಆ ಎಡಗೈಯನ್ನೇ. ಮನೆಯಲ್ಲಿ ಕನ್ನಡಿ ಮುಂದೆ ನಿಲ್ಲಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ.

ಕಾತಾ ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳು. ನಮ್ಮಲ್ಲಿ ತೈಕ್ಯೊಕು ಶೊದಾನ್. ಒಟ್ಟು 20 ಚಲನೆ. ಕೆಳತಡೆ ಮತ್ತು ಹೆಜ್ಜೆ ಹಾಕಿ ಗುದ್ದುವುದು, ಇಷ್ಟೇ. ಕೆಲವು ಶಾಲೆಗಳಲ್ಲಿ 21 ಚಲನೆಯ ಹೇಯಾನ್ ಶೊದಾನ್ ಕೇಳುತ್ತಾರೆ.

ಕುಮಿತೆ ಅಂದರೆ ಎದುರಾಳಿಯೊಂದಿಗೆ ಮಾಡುವ ಅಭ್ಯಾಸ. ಈ ಹಂತದಲ್ಲಿ ಅದು ಫೈಟ್ ಅಲ್ಲವೇ ಅಲ್ಲ. ಎಲ್ಲಿಗೆ ಗುದ್ದುತ್ತೇನೆಂದು ಮೊದಲೇ ಹೇಳಿ ಒಬ್ಬರು ಐದು ಹೆಜ್ಜೆ ಬರುತ್ತಾರೆ, ಇನ್ನೊಬ್ಬರು ತಡೆಯುತ್ತಾ ಹಿಂದೆ ಸರಿಯುತ್ತಾರೆ. ಸೋಲು ಗೆಲುವು ಇಲ್ಲ.

ಬೆಲ್ಟಿನ ಬಣ್ಣ ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಅನುಮಾನ ಇದ್ದರೆ ನಿಮ್ಮ ಮಾಸ್ಟರ್ ಅವರನ್ನೇ ಕೇಳಿ.

ಆ ಮೆಸೇಜ್ ನಂಬಿ ಮಕ್ಕಳ ಕೈಗೆ ಹಂಚು ಕೊಡಬೇಡಿ, ಎಳೆ ಬೆರಳಿಗೆ ಪೆಟ್ಟಾಗುತ್ತದೆ. ದಯವಿಟ್ಟು ಅದನ್ನು ಇನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನು ಹಾಕಿ.