ಮೆತ್ತಿನ ಮೇಲೊಂದು ಟಬ್

ಶಿರಸಿಯ ಹಳೆಯ ಮನೆಯ ಮೆತ್ತನ್ನು, ಅಂದರೆ ಮರದ ಜಂತಿಯ ಮಹಡಿಯನ್ನು, ಹೋಮ್‌ಸ್ಟೇ ಮಾಡುವ ಹುರುಪು ಅಣ್ಣನಿಗೆ ಬಂದಿದೆ. ತೋಟ ಕಾಣುವ ಮೂಲೆಯಲ್ಲಿ ಸ್ನಾನದ ಟಬ್ ಇಡಬೇಕಂತೆ. ಜಂತಿ ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಫೋನಿನಲ್ಲೇ ನಕ್ಕ. "ತಮ್ಮಾ, ಅಮೆರಿಕದಲ್ಲಿ ನೀನು ಇರುವುದೇ ಹಲಗೆಯ ಪೆಟ್ಟಿಗೆಯಲ್ಲಿ. ಅಪ್ಪಯ್ಯ ಇದೇ ಮೆತ್ತಿನ ಮೇಲೆ ಇಪ್ಪತ್ತು ಕ್ವಿಂಟಾಲ್ ಅಡಿಕೆ ಇಡುತ್ತಿದ್ದರು. ಟಬ್ ಯಾವ ಲೆಕ್ಕ?"

ಪೆಟ್ಟಿಗೆಯ ಮಾತು ಸುಳ್ಳಲ್ಲ. ಓಹಿಯೋದ ನನ್ನ ಮನೆ ಮರದ್ದೇ: 16 ಇಂಚಿಗೊಂದು ಜಂತಿ, ಮೇಲೆ ಪ್ಲೈವುಡ್, ಅದರ ಮೇಲೆ ಟೈಲ್ಸ್. ಮಗ ಮೇಲೆ ಓಡಿದರೆ ಕೆಳಗೆ ತೂಗುದೀಪ ನಡುಗುತ್ತದೆ. ಮೊದಲ ಸಲ ಟಬ್ ತುಂಬಿಸುವಾಗ ನಾನೂ ಹೆದರಿ ಲೆಕ್ಕ ಹಾಕಿದ್ದೆ. ನೀರು 150 ಕಿಲೋ, ಆಳು 75, ಟಬ್ ಅಕ್ರಿಲಿಕ್ ಆದರೆ 40, ಎರಕದ ಕಬ್ಬಿಣವಾದರೆ 150ರ ಆಸುಪಾಸು. ಒಟ್ಟು 250ರಿಂದ 400 ಕಿಲೋ. (ಕಂಠಮಟ್ಟ ತುಂಬಿದ ಟಬ್ಬಿಗೆ ಇಳಿದರೆ ಮುಳುಗಿದ ಮೈಯಷ್ಟೇ ನೀರು ಮೇಲಿನ ತೂತಿನಿಂದ ಹರಿದುಹೋಗುತ್ತದೆ, ದಪ್ಪಗಿದ್ದವರು ಅಂಜಬೇಕಿಲ್ಲ.)

ಇಲ್ಲಿಯ ನಿಯಮದಂತೆ ವಾಸದ ಕೋಣೆಯ ನೆಲ ಚದರ ಅಡಿಗೆ 40 ಪೌಂಡ್ ಹೊರಬೇಕು, ಅಂದರೆ ಚದರ ಮೀಟರಿಗೆ ಸುಮಾರು 195 ಕಿಲೋ. ಕಟ್ಟಡಗಳ ಹೊರೆಗೆಂದೇ ಇರುವ ನಮ್ಮ ಭಾರತೀಯ ಮಾನಕ ಐಎಸ್ 875 ವಾಸದ ಮನೆಗೆ ಹೇಳುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಮರ ಎಂದು ನಾವು ಮೂಗು ಮುರಿಯುತ್ತೇವಷ್ಟೇ, ಹೊರೆಯ ಲೆಕ್ಕ ಎರಡು ಕಡೆಯೂ ಒಂದೇ. ಟಬ್ಬಿನ ಅಡಿಯಲ್ಲಿ ಅದು ಮೀರುತ್ತದೆ ನಿಜ, ಆದರೆ ಕೋಣೆಯ ಉಳಿದ ಜಾಗ ಬರಿದಾಗಿರುತ್ತದೆ. ಟಬ್ ಜಂತಿಗಳಿಗೆ ಅಡ್ಡಲಾಗಿ ಕೂತರೆ ನಾಲ್ಕು ಜಂತಿಗಳು ಹಂಚಿಕೊಳ್ಳುತ್ತವೆ. ಉದ್ದಕ್ಕೆ ಕೂತರೆ ಎರಡರ ಮೇಲೇ ಬೀಳುತ್ತದೆ; ಆಗ ಪಕ್ಕಕ್ಕೊಂದು ಜೋಡಿ ಜಂತಿ ಕೊಡುತ್ತಾರೆ.

ಸ್ಲ್ಯಾಬಿನ ಮೇಲೆ ನಮ್ಮವರಿಗಿರುವ ಭಕ್ತಿ ನೋಡಿದರೆ ನನಗೆ ಭಯ. ಕಾರವಾರದ ಸೋದರಮಾವನ ಮನೆಯಲ್ಲಿ ಮೇಲಿನ ಬಚ್ಚಲಿಗೆ ಒಂದಡಿ ತಗ್ಗಿನ ಸ್ಲ್ಯಾಬ್ ಹಾಕಿ ಇಟ್ಟಿಗೆ ಚೂರು ತುಂಬಿದ್ದಾರೆ. ಆ ಚೂರೇ ಚದರ ಮೀಟರಿಗೆ 400 ಕಿಲೋ ದಾಟುತ್ತದೆ, ತುಂಬಿದ ಟಬ್ಬಿಗಿಂತ ಭಾರ! ತಾರಸಿಯ ಮೇಲೆ 1000 ಲೀಟರಿನ ಟ್ಯಾಂಕು, ಅದೊಂದು ಟನ್. ಕಂಬದ ನೆತ್ತಿಗಿದೆಯೋ ಸ್ಲ್ಯಾಬಿನ ನಡುವಿಗಿದೆಯೋ ಎಂದು ಕೇಳಿದರೆ, "ಚೆನ್ನಾಗಿ ಬಿಸಿಲು ಬೀಳುವಲ್ಲಿ ಇಡಿಸಿದ್ದೇನೆ ಮಾರಾಯ" ಎಂದರು. ಕಡಲಗಾಳಿಯ ಉಪ್ಪಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ; ಸಿಮೆಂಟು ಉದುರಿದ ಮೇಲೆ ಬಣ್ಣ ಬಳಿಸುತ್ತಾರೆ.

ಇನ್ನು ಅಣ್ಣನ ಅಡಿಕೆ. ಅಪ್ಪಯ್ಯ ಚೀಲಗಳನ್ನು ಗೋಡೆಗುಂಟ ಪೇರಿಸುತ್ತಿದ್ದರು, ನಡುವೆ ಓಡಾಟಕ್ಕೆ ದಾರಿ. ಭಾರವೆಲ್ಲ ಜಂತಿಯ ತುದಿಗೆ, ಅಲ್ಲಿಂದ ಗೋಡೆಗೆ. ದರ ಬಂತೋ, ಚೀಲ ಕೆಳಗಿಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಕೆ ಒಣಗಿದ ಮಾಲು. ನನ್ನ ತಕರಾರು ತೂಕದ ಮೇಲಲ್ಲ, ನೀರಿನ ಮೇಲೆ. ಇಲ್ಲಿಯೂ ಟಬ್ಬಿನ ಕೆಳಗೆ ನೆಲ ಕುಸಿಯುವುದು ಹೆಚ್ಚಾಗಿ ಸೋರಿಕೆಯಿಂದ ಜಂತಿ ಕೊಳೆತಾಗ, ಇಲ್ಲವೇ ಕೊಳವೆ ತೂರಿಸಲು ಪ್ಲಂಬರ್ ಜಂತಿಯನ್ನೇ ಕೊರೆದಾಗ. ಜಂತಿಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡ ತೂತು ಕೂಡದು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಆಷಾಢದಲ್ಲಿ ಮುಚ್ಚಿಟ್ಟ ಉಪ್ಪೂ ನೀರಾಗುವ ನಮ್ಮೂರಲ್ಲಿ ಒಮ್ಮೆ ಒದ್ದೆಯಾದ ಜಂತಿ ಯಾವಾಗ ಒಣಗಬೇಕು? ಒರಲೆ (ಗೆದ್ದಲು) ಅದಕ್ಕೇ ಕಾಯುತ್ತಿರುತ್ತದೆ.

ಅಜ್ಜ ನೀರನ್ನು ಮೆತ್ತಿಗೆ ಹತ್ತಿಸಲೇ ಇಲ್ಲ. ಬಚ್ಚಲುಮನೆ ಹಿತ್ತಿಲ ಕಡೆ, ಹಂಡೆ ಒಲೆಯ ಮೇಲೆ, ಒಲೆ ನೆಲದ ಮೇಲೆ. ಮಿಂದ ನೀರು ನೇರ ಬಾಳೆಯ ಬುಡಕ್ಕೆ. ಟಬ್ಬನ್ನೂ ಅಲ್ಲೇ ಇಡು ಎಂದೆ. ಅಣ್ಣನಿಗೆ ಸಿಟ್ಟು ಬಂತು: "ಬಂದವರು ತೋಟ ನೋಡುತ್ತ ಮೀಯಬೇಡವೇ?"

ಹೋದ ಭಾನುವಾರ ಆಚಾರಿಯನ್ನು ಕರೆಸಿದ್ದಾನೆ. ಗೋಡೆಯೊಳಗೆ ಸೇರುವ ಕಡೆ ಜಂತಿಗೆ ಉಳಿ ಒತ್ತಿದರೆ ಒಂದಿಂಚು ಸಲೀಸಾಗಿ ಇಳಿಯಿತಂತೆ. ಇದನ್ನು ಹೇಳಿದ್ದು ಅತ್ತಿಗೆ. ಟಬ್ ಸದ್ಯ ಅಂಗಳದಲ್ಲಿದೆ. ಅತ್ತಿಗೆ ಅದರಲ್ಲಿ ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ನೆನೆಹಾಕಿದ್ದಾರೆ.